ಲ್ಯಾಬಲ್ಲಿ ಬೆಣ್ಣೆ, ಗುಂಡೀಲಿ ಬಂಡೆ: ನಮ್ಮೂರ ಗರಸು ಯಾಕೆ ಹಿಂಗೆ ಕುಗ್ತಿದೆ?

ಗರಸು ಹುಡುಗ · ಸೋಮವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ಎಂ.ಟೆಕ್ ಎರಡನೇ ವರ್ಷ, ಊರು ನಾಗಮಂಗಲದ ಹತ್ರ. ನಮ್ಮೂರ ಗುಂಡಿಯ ಗರಸು ಮಣ್ಣನ್ನೇ ಹತ್ತು ಚೀಲ ತಂದು ಪ್ರಾಜೆಕ್ಟ್ ಮಾಡ್ತಿದ್ದೀನಿ. ಭಾರ ಬಿದ್ರೆ ಅದು ಎಷ್ಟು ಕುಗ್ಗುತ್ತೆ, ಎಲ್ಲಿ ಸೋಲುತ್ತೆ, ಇಷ್ಟೇ ವಿಷಯ. 4.75 ಮಿ.ಮೀ. ಜರಡಿ ಮೇಲೆ ನಿಲ್ಲೋ ಕಲ್ಲು ಶೇ. 58, 75 ಮೈಕ್ರಾನ್ ದಾಟೋ ಪುಡಿ ಶೇ. 11.

ಟ್ರಯಾಕ್ಸಿಯಲ್ ಟೆಸ್ಟ್ ಮಾಡಿದೆ, ಅಂದ್ರೆ ಮಣ್ಣಿನ ಕಂಬವನ್ನ ರಬ್ಬರ್ ಚೀಲದೊಳಗೆ (ಮೆಂಬ್ರೇನ್) ಇಟ್ಟು, ಸುತ್ತ ನೀರಿನ ಒತ್ತಡ ಕೊಟ್ಟು, ಮೇಲೆ ಲೋಹದ ಮುಚ್ಚಳ (ಕ್ಯಾಪ್) ಇಟ್ಟು ಒತ್ತೋದು. ಮಾದರಿ 100 ಮಿ.ಮೀ. ವ್ಯಾಸ, 200 ಮಿ.ಮೀ. ಎತ್ತರ. 20 ಮಿ.ಮೀ. ಜರಡಿ ದಾಟಿದ್ದನ್ನೆಲ್ಲ ಹಾಕಿ ಕುಟ್ಟಿ, ಪೂರ್ತಿ ನೀರು ತುಂಬಿಸಿ, ಸುತ್ತ 100 ಕಿಲೋಪ್ಯಾಸ್ಕಲ್ ಒತ್ತಡ ಕೊಟ್ಟು, ನೀರು ಆಚೆ ಹೋಗೋಕೆ ದಾರಿ ಬಿಟ್ಟು ನಿಧಾನಕ್ಕೆ ಒತ್ತಿದೆ. ಶುರುವಿನ ಭಾಗದ ಮಾಡ್ಯುಲಸ್, ಅಂದ್ರೆ ಕುಗ್ಗದೆ ತಡೆಯೋ ಗಡಸು, ಬಂದಿದ್ದು 18 ಮೆಗಾಪ್ಯಾಸ್ಕಲ್. ಅದೇ ಗುಂಡಿಯ ತಳದಲ್ಲಿ ಏಪ್ರಿಲ್‌ನಲ್ಲಿ 300 ಮಿ.ಮೀ. ಪ್ಲೇಟ್ ಇಟ್ಟು ಲೋಡ್ ಟೆಸ್ಟ್ ಮಾಡಿದ್ವಿ. ಅಲ್ಲಿ 72!

ಇನ್ನೊಂದು ವಿಚಿತ್ರ ಇದೆ. ಎಷ್ಟು ಕುಗ್ಗಿದ್ರೆ ಎಷ್ಟು ಭಾರ ಅನ್ನೋ ಗ್ರಾಫು ಶುರುವಿನಲ್ಲಿ ನೆಲಕ್ಕಂಟಿ ಮಲಗಿರುತ್ತೆ, ಆಮೇಲೆ ಎದ್ದು ನಿಲ್ಲುತ್ತೆ. ಪಾಠದಲ್ಲಿ ನೋಡಿದ ಗ್ರಾಫೆಲ್ಲ ಮೊದಲು ನೆಟ್ಟಗೆ ಏರಿ ಆಮೇಲೆ ಬಾಗೋದು. ನಾಲ್ಕು ಸಲ ಮಾಡಿದೆ: 16, 21, 18, 17. ಗೈಡ್ ಹೇಳಿದ್ದು ಒಂದೇ ಮಾತು, "ಐದನೇ ಸಲ ಮಾಡು."

ಮಣ್ಣು ಕುಟ್ಟಿ ಕುಟ್ಟಿ ಕೈಯಲ್ಲಿ ಬೊಬ್ಬೆ ಬಂದಿದೆ. ಎಲ್ಲಿ ತಪ್ತಿದೀನಿ, ದಯವಿಟ್ಟು ಹೇಳಿ.

—

ಟಿಪ್ಪರ್ ಅಣ್ಣ ಮಂಡ್ಯ · 10:55

ಅದ್ಕೇ ಕಣ್ ತಮ್ಮಾ ನಾನ್ ಏಳೋದು, ಮಣ್ ನೋಡಕೆ ಲ್ಯಾಬ್ ಯಾಕೆ? ಲೋಡ್ ಟಿಪ್ಪರ್ ಒಂದ್ಸಲ ಅದ್ರ ಮ್ಯಾಲೆ ಓಡ್ಸು. ಟೈರ್ ಗುರ್ತು ಬಿತ್ತು ಅಂದ್ರೆ ಮತ್ತೆ ರೋಲರ್ ಬುಡು, ಬೀಳ್ನಿಲ್ಲ ಅಂದ್ರೆ ಮ್ಯಾಲೆ ಜಲ್ಲಿ ಸುರ್ಕೊ. ಮುಗೀತು ಕತೆ.

—

ಸೈಟ್ ಮೇಡಂ · 11:03

ಅಣ್ಣ, ನೀವು ಹೇಳ್ತಿರೋದಕ್ಕೂ ನಮ್ಮಲ್ಲಿ ಹೆಸರಿದೆ, ಪ್ರೂಫ್ ರೋಲಿಂಗ್. ಮೆತ್ತಗಿರೋ ಜಾಗ ಹುಡುಕೋಕೆ ಅದಕ್ಕಿಂತ ಒಳ್ಳೇದಿಲ್ಲ, ನಾನೂ ಮಾಡಿಸ್ತೀನಿ. ಆದ್ರೆ ಆ ಹುಡುಗ ವರದಿಯಲ್ಲಿ "ಟೈರ್ ಗುರ್ತು ಬೀಳಲಿಲ್ಲ" ಅಂತ ಬರೆದು ಎಂ.ಟೆಕ್ ತಗೊಳ್ಳೋಕಾಗುತ್ತಾ?

—

ಟಿಪ್ಪರ್ ಅಣ್ಣ ಮಂಡ್ಯ · 11:05

ಕೊಡ್ಬೇಕು ಕಣವ್ವ. ನನ್ಗೂ ಒಂದು ಕೊಡ್ಬೇಕು.

—

ನಿವೃತ್ತ ಲ್ಯಾಬಿಗ · 11:31

ನೋಡಪ್ಪ, ನಾನು ಮೂವತ್ತೊಂದು ವರ್ಷ ಮಣ್ಣಿನ ಲ್ಯಾಬಿನಲ್ಲೇ ಸವೆದವನು. ಎಂಜಿನಿಯರ್ ಅಲ್ಲ, ಇನ್‌ಸ್ಟ್ರಕ್ಟರ್ ಆಗಿ ನಿವೃತ್ತಿ. ನಿನ್ನ ಗ್ರಾಫು ಮಲಗಿರೋದು ಮಣ್ಣಿನ ತಪ್ಪಲ್ಲ. ನೀನು ಅಳೆದದ್ದು ಮಣ್ಣು ಕುಗ್ಗಿದ್ದನ್ನಲ್ಲ, ಕ್ಯಾಪಿನ ಕೆಳಗಿನ ಸಂದು ಮುಚ್ಚಿದ್ದನ್ನ.

ಜೇಡಿಮಣ್ಣಿನ ಮಾದರಿಯಾದರೆ ತಂತಿಯಲ್ಲಿ ಕತ್ತರಿಸಿ ಮುಖ ನುಣ್ಣಗೆ ಮಾಡಬಹುದು. ಗರಸಿನ ಮುಖ ಹಾಗಾಗಲ್ಲ. ಒಂದು ಕಡೆ ಕಲ್ಲು ಎದ್ದಿರುತ್ತೆ, ಪಕ್ಕದಲ್ಲಿ ಕಲ್ಲು ಕಿತ್ತು ಬಂದ ಹಳ್ಳ. ಅದರ ಮೇಲೆ ನೀನು ಇಟ್ಟ ಲೋಹದ ಕ್ಯಾಪು ಮೂರೋ ನಾಲ್ಕೋ ಕಲ್ಲಿನ ತುದಿ ಮೇಲೆ ಕೂತಿರುತ್ತೆ, ಅಡುಗೆಮನೆಯಲ್ಲಿ ಕುಂಟೋ ಮಣೆ ಥರ. ಭಾರ ಬಂದ ಕೂಡಲೇ ಆ ತುದಿಗಳು ಪುಡಿಯಾಗಿ ಇಲ್ಲವೇ ಒಳಗೆ ಹೂತು ಕ್ಯಾಪು ಸರಿಯಾಗಿ ಕೂರುತ್ತೆ. ಅಲ್ಲಿಯವರೆಗೆ ಡಯಲ್ ಗೇಜ್ ಓಡ್ತಾ ಇರುತ್ತೆ, ಮಣ್ಣು ಅಲ್ಲಾಡಿರಲ್ಲ.

ಲೆಕ್ಕ ಹಾಕು. ನಿನ್ನ ಮಣ್ಣಿನ ಮಾಡ್ಯುಲಸ್ ನಿಜಕ್ಕೂ 100 ಮೆಗಾಪ್ಯಾಸ್ಕಲ್ ಅಂತ ಇಟ್ಕೊ. 100 ಕಿಲೋಪ್ಯಾಸ್ಕಲ್ ಹೆಚ್ಚು ಹಾಕಿದಾಗ ಶೇ. 0.1 ಕುಗ್ಗಬೇಕು. 200 ಮಿ.ಮೀ. ಎತ್ತರಕ್ಕೆ ಅದು ಬರೀ 0.2 ಮಿ.ಮೀ. ಕ್ಯಾಪಿನ ಸಂದು 0.6 ಮಿ.ಮೀ. ಇದ್ದರೆ ನೀನು ಓದೋದು 0.8. ನೂರಾಗಬೇಕಾದ್ದು ಇಪ್ಪತ್ತೈದಾಯ್ತು. 0.6 ಮಿ.ಮೀ. ಅಂದ್ರೆ ಎಷ್ಟು ಅಂತೀಯ? ನಿನ್ನ ಜೇಬಲ್ಲಿರೋ ಎಟಿಎಂ ಕಾರ್ಡಿಗಿಂತ ತೆಳು.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡು. ಮಾದರಿ ಕುಟ್ಟಿ, ಮೆಂಬ್ರೇನ್ ಅಂಚು ಮಡಚಿಟ್ಟು, ಕ್ಯಾಪ್ ಇಟ್ಟು, ಲ್ಯಾಬಿನ ದೀಪ ಆರಿಸಿ ಹಿಂದಿನಿಂದ ಟಾರ್ಚ್ ಹಿಡಿ. ಈ ಕಡೆಯಿಂದ ಕಣ್ಣಿಟ್ಟು ನೋಡು. ಬೆಳಕು ತೂರಿ ಬಂತಾ, ನಿನ್ನ 72 ಅಲ್ಲಿಂದಲೇ ಸೋರಿ ಹೋಗ್ತಿದೆ.

—

ಗರಸು ಹುಡುಗ · 11:40

ಸರ್, ಇದನ್ನ ನಮಗೆ ಯಾರೂ ಹೇಳೇ ಇಲ್ಲ. ನಾಳೆನೇ ನೋಡ್ತೀನಿ.

—

ಅರ್ಧಸತ್ಯ · ಮಂಗಳವಾರ ಬೆಳಿಗ್ಗೆ 7:10

ಲ್ಯಾಬಿಗರು ಹೇಳಿದ್ದು ಸರಿ, ಆದ್ರೆ ಅದಕ್ಕಿಂತ ಮುಂಚೆ ಇನ್ನೊಂದು ತಪ್ಪಾಗಿದೆ, ಅದನ್ನ ಯಾರೂ ಕೇಳ್ತಾನೇ ಇಲ್ಲ. 100 ಮಿ.ಮೀ. ವ್ಯಾಸದ ಮಾದರಿಗೆ 20 ಮಿ.ಮೀ. ಕಲ್ಲು ಹೇಗೆ ಹಾಕಿದೆ? ಅತಿ ದೊಡ್ಡ ಕಲ್ಲು ವ್ಯಾಸದ ಆರನೇ ಒಂದು ಭಾಗ ಮೀರಬಾರದು. 100ನ್ನು 6ರಿಂದ ಭಾಗಿಸಿದ್ರೆ 16.7. ಐದು ಕಲ್ಲು ಸಾಲಾಗಿ ನಿಂತ್ರೆ ಈ ಗೋಡೆಯಿಂದ ಆ ಗೋಡೆಗೆ ಸೇತುವೆ. ಅದು ಮಣ್ಣಿನ ಪರೀಕ್ಷೆಯಲ್ಲ, ಐದು ಕಲ್ಲಿನ ಪಂಚಾಯ್ತಿ.

ಇನ್ನೊಂದು: 20ರ ಮೇಲೆ ನಿಂತ ಕಲ್ಲನ್ನ ಏನ್ಮಾಡಿದೆ? ಎಷ್ಟಿತ್ತು?

—

ಗರಸು ಹುಡುಗ · 7:32

ಶೇ. 14 ಇತ್ತು. ತೆಗೆದು ಪಕ್ಕಕ್ಕೆ ಹಾಕಿದೆ.

—

ಅರ್ಧಸತ್ಯ · 7:48

ಅಲ್ಲೇ ಎಡವಟ್ಟು. 58ರಲ್ಲಿ 14 ತೆಗೆದ್ರೆ ಉಳಿದದ್ದು 44, ಅದೂ 86ರಲ್ಲಿ. ಅಂದ್ರೆ ನಿನ್ನ ಮಾದರಿಯಲ್ಲಿ ಕಲ್ಲು ಶೇ. 51. ಗುಂಡಿಯಲ್ಲಿರೋ ಮಣ್ಣೇ ಬೇರೆ, ನಿನ್ನ ಸಿಲಿಂಡರಿನಲ್ಲಿರೋ ಮಣ್ಣೇ ಬೇರೆ.

ಇದಕ್ಕೆ ಮೂರು ದಾರಿ ಇದೆ. ಒಂದು, ನೀನು ಮಾಡಿದ ಹಾಗೆ ದೊಡ್ಡದನ್ನ ಸುಮ್ಮನೆ ಕಳೆಯೋದು. ಎರಡು, ಕಳೆದಷ್ಟೇ ತೂಕದ ಚಿಕ್ಕ ಕಲ್ಲು, 16 ದಾಟಿ 4.75 ಮೇಲೆ ನಿಲ್ಲೋದನ್ನ ವಾಪಸ್ ಹಾಕೋದು. ಆಗ 58 ಹಾಗೇ ಉಳಿಯುತ್ತೆ. ಮೂರು, ಇಡೀ ಜರಡಿ ಗೆರೆಯನ್ನೇ (ಯಾವ ಗಾತ್ರದ್ದು ಎಷ್ಟಿದೆ ಅನ್ನೋ ಗ್ರಾಫ್) ಹಾಗೇ ಎಡಕ್ಕೆ ಸರಿಸಿ ಪ್ರತಿ ಗಾತ್ರಕ್ಕೂ ಅದರ ಮರಿ ಮಾಡೋದು. ಮೂರನೇದರಲ್ಲಿ ಪುಡಿ ಜಾಸ್ತಿಯಾಗುತ್ತೆ, ನಿನ್ನ ಶೇ. 11ಕ್ಕೆ ನಾನು ಅದನ್ನ ಒಪ್ಪಲ್ಲ. ಎರಡನೇದು ಹಿಡಿ.

—

ಖಾರಾಬಾತ್ · 8:15

ಶೇ. 58ಕ್ಕೂ 51ಕ್ಕೂ ಏನ್ ಮಹಾ ವ್ಯತ್ಯಾಸ ಸ್ವಾಮಿ? ಏಳು ಅಷ್ಟೇ ತಾನೆ?

—

ಅರ್ಧಸತ್ಯ · 8:21

ನಿಮ್ಮ ಹೆಸರಲ್ಲೇ ಉತ್ತರ ಇದೆ. ಖಾರಾಬಾತಿನಲ್ಲಿ ಗೋಡಂಬಿ ಇರುತ್ತೆ, ಒಂದಕ್ಕೊಂದು ತಾಗಲ್ಲ, ರವೆಯಲ್ಲಿ ತೇಲ್ತಿರುತ್ತೆ. ಒತ್ತಿದ್ರೆ ಕುಗ್ಗೋದು ರವೆ. ಕಡ್ಲೆಬೀಜದ ಚಿಕ್ಕಿಯಲ್ಲಿ ಬೀಜಕ್ಕೆ ಬೀಜ ತಾಗಿರುತ್ತೆ, ಬೆಲ್ಲ ಬರೀ ಸಂದು ತುಂಬಿರುತ್ತೆ. ಒತ್ತಿದ್ರೆ ಭಾರ ಬೀಜದಿಂದ ಬೀಜಕ್ಕೆ ದಾಟುತ್ತೆ. ಕಲ್ಲಿರೋ ಮಣ್ಣು ಚಿಕ್ಕಿಯಿಂದ ಖಾರಾಬಾತಿಗೆ ಜಾರೋದು ಒಂದೇ ಅಂಕಿಯಲ್ಲಿ ಅಲ್ಲ, ಆದ್ರೆ ಈ 50–60ರ ಸುತ್ತಮುತ್ತ ಏಳು ಅಂಶ ಅಂದ್ರೆ ಸಣ್ಣದಲ್ಲ.

—

ಖಾರಾಬಾತ್ · 8:24

ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆ ಉರಿಸ್ತೀರಲ್ಲ ಸಾರ್.

—

ಪದಜೀವಿ · 9:02

ತಾಂತ್ರಿಕ ವಿಷಯ ಗೊತ್ತಿಲ್ಲ, ಪದದ ವಿಷಯ ಕೇಳ್ತೀನಿ. "ಗರಸು" ಅಂತಿದ್ದೀರಿ. ನಮ್ಮ ತಾತ ನೊರಜು ಅಂತಿದ್ರು. ಜಲ್ಲಿ, ಮೊರಂ ಅಂತಾನೂ ಕೇಳಿದ್ದೀನಿ. ಎಲ್ಲಾ ಒಂದೇನಾ? ಮತ್ತೆ ಡಿಫಾರ್ಮೇಶನ್‌ಗೆ ಪಠ್ಯಗಳಲ್ಲಿ "ವಿರೂಪ" ಅಂತ ಬರೀತಾರೆ. ಮಣ್ಣಿಗೆ ಯಾರೋ ಆಸಿಡ್ ಎರಚಿದ ಹಾಗಿದೆ.

—

ಸೈಟ್ ಮೇಡಂ · 9:20

ಹಹ್ಹಾ, ನಿಜ. ನಮ್ಮ ಸೈಟಲ್ಲಿ ಯಾರೂ ವಿರೂಪ ಅನ್ನಲ್ಲ. ಕುಗ್ತು, ಕೂತ್ಕೊಂತು, ಉಬ್ತು, ಜರೀತು. ನಾಲ್ಕಕ್ಕೂ ಅರ್ಥ ಬೇರೆ ಬೇರೆ, ವಿರೂಪದಲ್ಲಿ ನಾಲ್ಕೂ ಕಳೆದುಹೋಗುತ್ತೆ.

ಜಲ್ಲಿ ಅಂದ್ರೆ ಕ್ರಷರ್‌ನಲ್ಲಿ ಒಡೆದ ಕಲ್ಲು. ಗರಸು ನೆಲದಲ್ಲೇ ಸಿಗೋದು, ಕಲ್ಲೂ ಕೆಂಪು ಮಣ್ಣೂ ಕಲೆತಿರೋದು. ಟೆಂಡರಿನಲ್ಲಿ ಅದನ್ನೇ ಮೊರಂ ಅಂತ ಬರೀತಾರೆ. ಭಾರತೀಯ ಮಾನಕದ ಪ್ರಕಾರ 4.75ರಿಂದ 80 ಮಿ.ಮೀ. ಒಳಗಿನದು ಗ್ರಾವೆಲ್, ಅದರ ಮೇಲಿನದು ಗುಂಡುಕಲ್ಲು. ನಮ್ಮ ಕಡೆ ಗರಸು ಬಹುಪಾಲು ತಳದ ನೈಸ್ ಬಂಡೆ ಅಲ್ಲೇ ಕೊಳೆತು ಆದದ್ದು. ಬಿಳೀ ಬೆಣಚುಕಲ್ಲು ಮಾತ್ರ ಗಟ್ಟಿ, ಉಳಿದ ಚೂರು ಎಷ್ಟೋ ಸಲ ಬೆರಳಲ್ಲಿ ಹಿಸುಕಿದ್ರೆ ಪುಡಿ.

—

ಟಿಪ್ಪರ್ ಅಣ್ಣ ಮಂಡ್ಯ · 9:41

ಮೇಡಮ್ಮೋರೆ ನೀವ್ ಸಿಕ್ಕಿದ್ದು ಒಳ್ಳೇದಾಯ್ತು. ನನ್ದೂ ಒಂದು ಗೋಳದೆ. ಒಂದೇ ಗುಂಡಿ, ಒಂದೇ ದಿನ, ಒಂದೇ ಲೋಡು. ಎರಡು ಲ್ಯಾಬಿಗೆ ಕಳಿಸ್ದೆ. ಒಬ್ರು ಸಿಬಿಆರ್ (ಮಣ್ ಎಷ್ಟು ಗಟ್ಟಿ ಅನ್ನೋ ನಂಬರು) 17 ಅಂದ್ರು, ಇನ್ನೊಬ್ರು 34 ಅಂದ್ರು. ಸಬ್‌ಬೇಸ್‌ಗೆ (ರಸ್ತೆ ಕೆಳಗಿನ ಪದರಕ್ಕೆ) 30 ಬೇಕು. 17ರ ಕಾಗ್ದ ಸಾಹೇಬ್ರ ಕೈ ಸೇರ್ತು, ಇಪ್ಪತ್ತು ಲೋಡ್ ವಾಪಸ್ ಹೊಡುಸ್ದೆ. ಡೀಸೆಲ್ ದುಡ್ಡು ಯಾರಪ್ಪ ಕೊಡ್ತಾನೆ?

—

ಸೈಟ್ ಮೇಡಂ · 10:12

ಅಣ್ಣ, ಎರಡೂ ಲ್ಯಾಬ್ ಸುಳ್ಳು ಹೇಳದೇನೇ ಹಾಗೆ ಬರಬಹುದು, ಅದೇ ಬೇಜಾರು.

ಸಿಬಿಆರ್ ಮೌಲ್ಡು 150 ಮಿ.ಮೀ. ವ್ಯಾಸ. ಮೇಲಿಂದ ಇಳಿಯೋ ಪ್ಲಂಜರ್ 50 ಮಿ.ಮೀ. ಅಷ್ಟೇ, ನಿಮಿಷಕ್ಕೆ 1.25 ಮಿ.ಮೀ. ಇಳಿಯುತ್ತೆ. ಹಾಕೋ ಕಲ್ಲು 20 ಮಿ.ಮೀ.ವರೆಗೆ. ಪ್ಲಂಜರ್ ಕೆಳಗೆ ಎರಡು ಕಲ್ಲು ಒಟ್ಟಿಗೆ ಸಿಕ್ಕಿಬಿದ್ರೆ ನಂಬರ್ ಹಾರುತ್ತೆ, ಅವೆರಡರ ಮಧ್ಯದ ಮಣ್ಣು ಸಿಕ್ಕಿದ್ರೆ ಬೀಳುತ್ತೆ. ಅದಕ್ಕೇ ಒಂದು ಮೌಲ್ಡು ನೋಡಿ ತೀರ್ಮಾನ ಮಾಡಬಾರದು, ಮೂರಾದರೂ ಮಾಡಿ ಸರಾಸರಿ ನೋಡಬೇಕು.

ಆಮೇಲೆ ನಾಲ್ಕು ದಿನ ನೀರಲ್ಲಿ ನೆನೆಸಿದ್ರಾ ಇಲ್ವಾ ಕೇಳಿ. 34 ಕೊಟ್ಟವರು ನೆನೆಸಿರೋದೇ ಅನುಮಾನ. ಮತ್ತೆ ಆ ಹುಡುಗನ ಮಲಗಿದ ಗ್ರಾಫ್ ಇದೆಯಲ್ಲ, ಅದೇ ಕಾಯಿಲೆ ಇಲ್ಲೂ ಬರುತ್ತೆ. ಪ್ಲಂಜರ್ ಸರಿಯಾಗಿ ಕೂರದೆ ಶುರುವಿನಲ್ಲಿ ಗೆರೆ ಮಲಗುತ್ತೆ. ಆಗ ಕಡಿದಾದ ಭಾಗಕ್ಕೆ ಗೆರೆ ಎಳೆದು, ಅದು ಕೆಳಗೆ ಮುಟ್ಟಿದ ಜಾಗವನ್ನೇ ಸೊನ್ನೆ ಅಂತ ಹಿಡಿದು, ಅಲ್ಲಿಂದ 2.5 ಮಿ.ಮೀ. ಎಣಿಸಬೇಕು. ತುಂಬಾ ಜನ ಹಾಗೇ 2.5ರಲ್ಲಿ ಓದಿ, ಮಾನಕ ಜಲ್ಲಿಗೆ ಹಿಡಿದಿರೋ 1370 ಕೆ.ಜಿ. ಭಾರದಿಂದ ಭಾಗಿಸಿ ಕಳಿಸಿಬಿಡ್ತಾರೆ. 17 ಕೊಟ್ಟವರು ಹಾಗೆ ಮಾಡಿರಬಹುದು. ಗ್ರಾಫ್ ಕೇಳಿ ಇಸ್ಕೊಳ್ಳಿ, ಬರೀ ನಂಬರ್ ಇರೋ ಕಾಗದ ತಗೋಬೇಡಿ.

—

ಟಿಪ್ಪರ್ ಅಣ್ಣ ಮಂಡ್ಯ · 10:19

ಗ್ರಾಪು ಅಂತೆ. ಇರ್ಲಿ ಕೇಳ್ತೀನಿ. ಕೊಡ್ನಿಲ್ಲ ಅಂದ್ರೆ ನಿಮ್ಮೆಸ್ರು ಏಳ್ತೀನಿ.

—

ಹಳೇ ಮೈಸೂರಿಗ · 11:50

ಇಷ್ಟೆಲ್ಲ ಟೆಸ್ಟು ಮಾಡಿ ಈಗ ಕಟ್ಟೋ ರಸ್ತೆ ಒಂದು ಮಳೆಗಾಲ ತಡೆಯಲ್ಲ. ಸರ್ ಎಂ.ವಿ. ಯಾವ ಟ್ರಯಾಕ್ಸಿಯಲ್ ಮಾಡಿ ಕನ್ನಂಬಾಡಿ ಕಟ್ಟಿದ್ರು? ನಿಂತಿಲ್ವಾ?

—

ಅರ್ಧಸತ್ಯ · 12:04

ಬಂತು ನೋಡಿ, ಎಲ್ಲ ಚರ್ಚೆಯಲ್ಲೂ ಬರೋ ಕನ್ನಂಬಾಡಿ. ಸ್ವಾಮಿ, ಅಲ್ಲಿ ಕೆಲಸ ಶುರುವಾದದ್ದು 1911ರಲ್ಲಿ. ಟೆರ್ಝಾಗಿ ಮಣ್ಣಿನ ಶಾಸ್ತ್ರಕ್ಕೆ ಅಡಿಪಾಯ ಹಾಕಿದ್ದೇ 1925ರಲ್ಲಿ, ಟ್ರಯಾಕ್ಸಿಯಲ್ ಬಳಕೆಗೆ ಬಂದಿದ್ದು 1930ರ ದಶಕದಲ್ಲಿ. ಇಲ್ಲದ ಟೆಸ್ಟನ್ನ ಅವರು ಹೇಗೆ ಮಾಡ್ತಾರೆ? ಅದೂ ಅಲ್ದೆ ಕೆಆರ್‌ಎಸ್ ಸುರ್ಕಿ (ಇಟ್ಟಿಗೆ ಪುಡಿ, ಸುಣ್ಣದ) ಗಾರೆಯಲ್ಲಿ ಕಟ್ಟಿದ ಕಲ್ಲಿನ ಅಣೆಕಟ್ಟು, ತನ್ನ ತೂಕದಿಂದಲೇ ನೀರನ್ನ ತಡೆಯುತ್ತೆ, ಕೂತಿರೋದು ಬಂಡೆ ಮೇಲೆ. ಮಣ್ಣು, ಗ್ರಾವೆಲ್, ಕಲ್ಲುರಾಶಿ ಹಾಕಿ ಕಟ್ಟೋ ಅಣೆಕಟ್ಟಿಗೆ ಈ ಟೆಸ್ಟ್ ಬೇಕು.

ಹಾಗೆ ಕಟ್ಟಿದವರು ಏನ್ಮಾಡಿದ್ರು ಗೊತ್ತಾ? ಮೆಕ್ಸಿಕೋದಲ್ಲಿ ಇನ್ಫಿಯರ್ನಿಲ್ಯೋ ಅಣೆಕಟ್ಟಿನ ಕಾಲಕ್ಕೆ ಮಾರ್ಸಲ್ ಅನ್ನೋರು 113 ಸೆಂ.ಮೀ. ವ್ಯಾಸ, ಎರಡೂವರೆ ಮೀಟರ್ ಎತ್ತರದ ಮಾದರಿ ಒತ್ತೋ ಯಂತ್ರ ಕಟ್ಟಿದ್ರು. ಒಬ್ಬ ಆಳು ನೆಟ್ಟಗೆ ನಿಂತ್ರೂ ಮೇಲೆ ಮುಕ್ಕಾಲು ಮೀಟರ್ ಜಾಗ ಉಳಿಯುತ್ತೆ. ಕಲ್ಲನ್ನ ಚಿಕ್ಕದು ಮಾಡೋ ಬದಲು ಸಿಲಿಂಡರನ್ನೇ ದೊಡ್ಡದು ಮಾಡಿದ್ರು. ಅಲ್ಲಿ ಗೊತ್ತಾದ ದೊಡ್ಡ ವಿಷಯ ಏನಂದ್ರೆ, ಒತ್ತಡ ಹೆಚ್ಚಾದ ಹಾಗೆ ಕಲ್ಲು ಒಡೆಯುತ್ತೆ, ಒಡೆದಷ್ಟೂ ಒಟ್ಟು ರಾಶಿ ಕುಗ್ಗುತ್ತೆ, ಘರ್ಷಣೆಯ ಕೋನ (ಕಲ್ಲಿಗೆ ಕಲ್ಲು ಜಾರದ ಹಾಗೆ ಹಿಡಿಯೋ ಶಕ್ತಿಯ ಅಳತೆ) ಇಳಿಯುತ್ತೆ. ಟೆಸ್ಟಿಗೆ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ ಜರಡಿ ಆಡಿಸಿ ಲೆಕ್ಕ ಇಟ್ರು.

@ಗರಸು ಹುಡುಗ, ನೀನೂ ಟೆಸ್ಟ್ ಆದ್ಮೇಲೆ ಜರಡಿ ಮಾಡು. ಮೇಡಂ ಹೇಳಿದ ಕೊಳೆತ ಕಲ್ಲು 100 ಕಿಲೋಪ್ಯಾಸ್ಕಲ್‌ಗೇ ಒಡೆದಿರುತ್ತೆ.

—

ಹಳೇ ಮೈಸೂರಿಗ · 12:10

ಅರ್ಧ ಸತ್ಯ ಅಂತ ಹೆಸರಿಟ್ಕೊಂಡು ಪೂರ್ತಿ ಪಾಠ ಮಾಡ್ತೀರಲ್ಲ ಸಾರ್. ಸರಿ, ಒಪ್ಪಿದೆ. ಆದ್ರೂ ರಸ್ತೆ ನಿಲ್ತಿಲ್ಲ ಅನ್ನೋದು ನಿಜ ತಾನೆ?

—

ಕಬ್ಬಿನ ಗಾಡಿ · 1:33

ಅದ್ನೇ ನಾನೂ ಕೇಳ್ಬೇಕು ಅಂತಿದ್ದೆ. ನಮ್ಮ ವಿ.ಸಿ. ನಾಲೆ ಏರಿ ಮೇಲೆ ಗರಸು ಹೊಡ್ಸಿ ಚೆನ್ನಾಗಿ ರೋಲರ್ ಬುಟ್ರು. ಬ್ಯಾಸ್ಗೇಲಿ ಕಲ್ಲಿನಂಗಿತ್ತು, ಬೈಕು ಸುಯ್ ಅಂತ ಹೋಯ್ತಿತ್ತು. ನಾಲೆಗೆ ನೀರ್ ಬುಟ್ರು, ಕಬ್ಬಿನ ಟ್ರಾಕ್ಟರು ಓಡಾಡಕ್ ಶುರು ಆದ್ವು, ಹದಿನೈದೇ ದಿನಕ್ಕೆ ಎರಡು ಗಾಲಿ ಜಾಡು, ಮಧ್ಯ ಎತ್ತಿನ ಬೆನ್ನಂಗೆ ದಿಬ್ಬ. ಮಣ್ಣು ಅದೇ, ರೋಲರ್ ಅದೇ. ಏನಾಯ್ತು?

—

ಸೈಟ್ ಮೇಡಂ · 2:05

ಅಣ್ಣ, ನಿಮ್ಮ ಪ್ರಶ್ನೆಯೇ ಎಂ.ಟೆಕ್ ಪ್ರಾಜೆಕ್ಟ್. ಒಂದೇ ಸಲ ಒತ್ತಿ ನೋಡೋ ಟೆಸ್ಟಿನಲ್ಲಿ ಇದು ಕಾಣಲ್ಲ. ಗಾಲಿ ಹತ್ತಿದಾಗ ಮಣ್ಣು ಕುಗ್ಗುತ್ತೆ, ಇಳಿದಾಗ ಬಹುಪಾಲು ವಾಪಸ್ ಬರುತ್ತೆ. ಆದ್ರೆ ಪೂರ್ತಿ ಬರಲ್ಲ, ಕೂದಲೆಳೆಯಷ್ಟು ಅಲ್ಲೇ ಉಳಿಯುತ್ತೆ. ಆ ಕೂದಲೆಳೆ ಸಾವಿರ ಸಲ ಸೇರಿದ್ರೆ ಜಾಡು. ಲ್ಯಾಬಿನಲ್ಲಿ ಇದನ್ನ ನೋಡೋಕೆ ಭಾರವನ್ನ ಹಾಕಿ ತೆಗೆದು ಹಾಕಿ ತೆಗೆದು ಸಾವಿರಾರು ಸಲ ಮಾಡೋ ಟ್ರಯಾಕ್ಸಿಯಲ್ ಬೇರೆ ಇದೆ. ಭಾರ ಒಂದು ಮಿತಿಯೊಳಗಿದ್ರೆ ಮೊದಲು ಸ್ವಲ್ಪ ಕೂತು ಆಮೇಲೆ ಗಟ್ಟಿಯಾಗಿ ನಿಲ್ಲುತ್ತೆ, ಮಿತಿ ದಾಟಿದ್ರೆ ಪ್ರತಿ ಸಲವೂ ಜರೀತಾನೇ ಹೋಗುತ್ತೆ.

ನಿಮ್ಮ ನಾಲೆ ಏರಿಯಲ್ಲಿ ನೀರು ಒಳಗೆ ಸೇರಿ ಆ ಮಿತಿಯನ್ನೇ ಇಳಿಸಿತು. ಅದರ ಮೇಲೆ ಓವರ್‌ಲೋಡ್. ಅಮೆರಿಕದಲ್ಲಿ 1950ರ ದಶಕದ ಕೊನೆಗೆ ಲಾರಿ ಓಡಿಸಿ ಓಡಿಸಿ ಮಾಡಿದ ರಸ್ತೆ ಪರೀಕ್ಷೆಯಿಂದ ಬಂದ ಒಂದು ಲೆಕ್ಕ ಇದೆ: ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದ್ರೆ ರಸ್ತೆಗಾಗೋ ಪೆಟ್ಟು ಎರಡು ಪಟ್ಟಲ್ಲ, ಹೆಚ್ಚುಕಡಿಮೆ ಹದಿನಾರು ಪಟ್ಟು.

—

ಕಬ್ಬಿನ ಗಾಡಿ · 2:11

ಹದಿನಾರಾ! ನಮ್ ಡ್ರೈವರ್‌ಗೆ ಹೇಳಿದ್ರೆ ಬಾಡಿಗೆನೂ ಹದಿನಾರು ಪಟ್ಟು ಕೊಡಿ ಅಂತಾನೆ.

—

ಖಾರಾಬಾತ್ · 2:20

ನನಗೊಂದು ಅನುಮಾನ. ದಸರಾದಲ್ಲಿ ಅಂಬಾರಿ ಆನೆ ನಡೆದಾಗ ರಸ್ತೆ ಯಾಕೆ ಜಾಡು ಬೀಳಲ್ಲ?

—

ಅರ್ಧಸತ್ಯ · 2:34

ತಮಾಷೆಗೆ ಕೇಳಿದ್ರಿ, ಲೆಕ್ಕ ಹಾಕಿಯೇ ಬಿಡೋಣ. ಆನೆ ಐದು ಟನ್ ಆಸುಪಾಸು, ಅಂಬಾರಿ 750 ಕೆ.ಜಿ. ನಡೆಯುವಾಗ ಮೂರು ಕಾಲು ನೆಲದ ಮೇಲಿದೆ ಅಂತ ಹಿಡೀರಿ, ಪಾದದ ಅಗಲ ಒಂದೂಕಾಲು ಅಡಿಯ ಮೇಲೆ. ಒತ್ತಡ ಹೆಚ್ಚುಕಡಿಮೆ 130–150 ಕಿಲೋಪ್ಯಾಸ್ಕಲ್. ರಸ್ತೆ ವಿನ್ಯಾಸದಲ್ಲಿ ಲಾರಿ ಟೈರಿಗೆ ನಾವು ಹಿಡಿಯೋದು 560. ಆನೆ ಲಾರಿಗಿಂತ ಮೃದು. ವರ್ಷಕ್ಕೆ ಒಂದೇ ಸಲ ಬರುತ್ತೆ ಬೇರೆ.

—

ಬಿಟ್ಟಿ ಸಲಹೆ · 3:15

ಹುಡುಗನ ಪ್ರಶ್ನೆಗೆ ಬರೋಣ. ನನ್ನ ಪ್ರಕಾರ ಮುಖ್ಯ ಕಾರಣ ಮೆಂಬ್ರೇನ್. ಗ್ರಾವೆಲ್ ಮಾದರಿಯ ಮೈ ತಗ್ಗುದಿಣ್ಣೆ, ಸುತ್ತ ನೀರಿನ ಒತ್ತಡ ಕೊಟ್ಟಾಗ ರಬ್ಬರ್ ಆ ತಗ್ಗುಗಳ ಒಳಗೆ ನುಗ್ಗುತ್ತೆ, ಅಷ್ಟು ನೀರು ಆಚೆ ಬರುತ್ತೆ, ನಾವು ಮಣ್ಣು ಕುಗ್ತು ಅಂತ ಬರ್ಕೊತೀವಿ. ಇದೇ 18ಕ್ಕೆ ಕಾರಣ.

—

ಅರ್ಧಸತ್ಯ · 3:29

ರಬ್ಬರ್ ನುಗ್ಗೋದು ನಿಜ, ಅದು 18ಕ್ಕೆ ಕಾರಣ ಅನ್ನೋದು ತಪ್ಪು. ಅವನ ಟೆಸ್ಟಿನಲ್ಲಿ ನೀರಿಗೆ ದಾರಿ ಬಿಟ್ಟಿದೆ, ಸುತ್ತಲ ಪರಿಣಾಮಿ ಒತ್ತಡ (ಒಳಗಿನ ನೀರಿನ ಒತ್ತಡ ಕಳೆದು ಉಳಿದದ್ದು) ಒತ್ತುವಾಗ ಬದಲಾಗಲ್ಲ. ಒತ್ತಡ ಬದಲಾಗದಿದ್ರೆ ರಬ್ಬರ್ ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ. ಅದು ಕೆಡಿಸೋದು ಎರಡು ಕಡೆ: ಮೊದಲ ಹಂತದಲ್ಲಿ ಸುತ್ತೊತ್ತಡ ಏರಿಸ್ತೀವಲ್ಲ ಆಗಿನ ನೀರಿನ ಲೆಕ್ಕ, ಮತ್ತೆ ನೀರು ಬಿಡದೆ ಮಾಡೋ ಟೆಸ್ಟಿನಲ್ಲಿ ರಂಧ್ರದ ಒತ್ತಡ. ಇವನು ಅಳೆದದ್ದು ಎತ್ತರ ಎಷ್ಟು ಇಳೀತು ಅಂತ. ಅದಕ್ಕೂ ರಬ್ಬರಿಗೂ ಸಂಬಂಧ ಇಲ್ಲ.

—

ಬಿಟ್ಟಿ ಸಲಹೆ · 3:36

ಸರಿ ಸರಿ, ಒಪ್ಪಿದೆ. ಅಂತೂ ಮೆಂಬ್ರೇನ್ ಕಾಟ ಕೊಡುತ್ತೆ.

—

ನಿವೃತ್ತ ಲ್ಯಾಬಿಗ · 4:50

ಕಾಟ ಅಂದ್ರಲ್ಲ, ಒಂದು ಕತೆ ಹೇಳ್ತೀನಿ. ಒಂದ್ಸಲ ಇಂಥದೇ ಗ್ರಾವೆಲ್ ಮಾದರಿ. ಸಂಜೆ ಐದಕ್ಕೆ ಸುತ್ತೊತ್ತಡ ಕೊಟ್ಟು ಬಿಟ್ವಿ. ಮಾದರಿಯಿಂದ ಬಂದ ನೀರು ಅಳೆಯೋ ಗಾಜಿನ ಕೊಳವೆಯಲ್ಲಿ, ಅಂದ್ರೆ ಬ್ಯೂರೆಟ್ಟಿನಲ್ಲಿ, ನೀರು ಏರಿ ಅರ್ಧ ಗಂಟೆಗೆ ನಿಲ್ಲಬೇಕಿತ್ತು. ಏಳಾಯ್ತು, ಏರ್ತಾನೇ ಇದೆ. ಒಂಬತ್ತಾಯ್ತು, ಏರ್ತಾನೇ ಇದೆ. ಮಣ್ಣಿನಲ್ಲಿ ಅಷ್ಟು ನೀರೇ ಇರಲಿಲ್ಲ! ಪಿಎಚ್.ಡಿ. ಹುಡುಗ "ಸರ್, ಇದು ಹೊಸ ಆವಿಷ್ಕಾರ" ಅಂತ ಪುಟಗಟ್ಟಲೆ ಬರ್ಕೊಳ್ತಿದ್ದ. ಎಲ್ಲ ಬಿಚ್ಚಿ, ಮೆಂಬ್ರೇನಿನ ಒಂದು ಬಾಯಿ ಕಟ್ಟಿ ನೀರು ತುಂಬಿಸಿ ನೇತು ಹಾಕಿದೆ. ಕೆಳಗಿನಿಂದ ನಾಲ್ಕು ಬೆರಳು ಮೇಲೆ, ಸೂಜಿ ಮೊನೆಯಷ್ಟು ತೂತಿನಿಂದ ನೀರು ಚಿಳ್ ಅಂತ ನನ್ನ ಕನ್ನಡಕಕ್ಕೆ. ಕುಟ್ಟುವಾಗ ಬೆಣಚುಕಲ್ಲಿನ ಅಂಚು ಕಚ್ಚಿತ್ತು. ಹೊರಗಿನ ನೀರೇ ಒಳಗೆ ಬಂದು ಬ್ಯೂರೆಟ್ಟು ಹತ್ತುತ್ತಿತ್ತು.

ಆವತ್ತಿಂದ ಗ್ರಾವೆಲ್ ಅಂದ್ರೆ ಎರಡು ಮೆಂಬ್ರೇನ್. ಕುಟ್ಟೋದು ಒಂದರೊಳಗೆ. ಆಮೇಲೆ ಒಳಗಿನ ಗಾಳಿ ಎಳೆದು ಮಾದರಿ ನಿಲ್ಲಿಸಿ, ಮೋಲ್ಡ್ ಬಿಚ್ಚಿ, ಹೊಸದೊಂದನ್ನ ಮೇಲಿಂದ ಹಾಕೋದು.

ಮಗು, ಕ್ಯಾಪಿಗೆ ಔಷಧಿ ಹೇಳೋದು ಮರೆತೆ. ಪ್ಲಾಸ್ಟರ್ ಆಫ್ ಪ್ಯಾರಿಸ್. ದೋಸೆ ಹಿಟ್ಟಿನ ಹದಕ್ಕೆ ಕಲಸಿ ಮಾದರಿಯ ಮೇಲಿನ ಮುಖಕ್ಕೆ ತೆಳುವಾಗಿ ಬಳಿ, ಹಸಿ ಇರುವಾಗಲೇ ಕ್ಯಾಪ್ ಒತ್ತಿ ಮಟ್ಟ ನೋಡು. ಕೆಳಗಡೆ ಬೇಡ, ಅಲ್ಲಿ ತಳದ ಮೇಲೇ ಕುಟ್ಟಿರ್ತೀಯ, ಒಳ್ಳೆ ಕೂತಿರುತ್ತೆ. ನೀರು ಕೆಳಗಿನಿಂದ ಬಿಡು.

—

ಅರ್ಧಸತ್ಯ · 5:12

ಪ್ಲಾಸ್ಟರ್ ಒಳ್ಳೇದು, ಪೂರ್ತಿ ಪರಿಹಾರ ಅಲ್ಲ. ಸರಿಯಾದ ದಾರಿ ಅಂದ್ರೆ ಮಾದರಿಯ ಮಧ್ಯದ ಮೂರನೇ ಒಂದು ಭಾಗದ ಮೈಗೇ ಸಣ್ಣ ಎಲ್‌ವಿಡಿಟಿ (ಕೂದಲೆಳೆಯಷ್ಟು ಚಲನೆನೂ ಅಳೆಯೋ ವಿದ್ಯುತ್ ಗೇಜ್) ಅಂಟಿಸಿ ಅಲ್ಲಿನ ಕುಗ್ಗುವಿಕೆ ಅಳೆಯೋದು. ತುದಿಗಳಲ್ಲಿ ಏನೇ ಆಗಲಿ ಅದಕ್ಕೆ ಲೆಕ್ಕಕ್ಕಿಲ್ಲ.

—

ಬಿಟ್ಟಿ ಸಲಹೆ · 5:20

ಅಷ್ಟೆಲ್ಲ ಯಾಕೆ? ಒಂದ್ಸಲ ಭಾರ ಏರಿಸಿ, ಇಳಿಸಿ, ಮತ್ತೆ ಏರಿಸಿದ್ರಾಯ್ತು. ಎರಡನೇ ಸಲ ಸಂದು ಇರಲ್ಲ, ಮಾಡ್ಯುಲಸ್ ಜಾಸ್ತಿ ಬರುತ್ತೆ. 72ಕ್ಕೂ ಸರಿಹೋಗುತ್ತೆ.

—

ಅರ್ಧಸತ್ಯ · 5:26

ಉತ್ತರ ಗೊತ್ತಿಟ್ಕೊಂಡು ಲೆಕ್ಕ ಹೊಂದಿಸೋದು ಅಂದ್ರೆ ಇದು. ಮತ್ತೆ ಏರಿಸಿದಾಗ ಬರೋ ಗಡಸು ಮೊದಲ ಭಾರದ್ದಲ್ಲ, ಎರಡು ಮೂರು ಪಟ್ಟು ಜಾಸ್ತಿ ಬರೋದು ಮಾಮೂಲು. ಕಲ್ಲುಗಳು ಆಗಲೇ ಜಾಗ ಬದಲಿಸಿ ಕೂತಿರುತ್ತೆ. ಕಾಯಿಲೆ ಒಂದು, ಮದ್ದು ಇನ್ನೊಂದಕ್ಕೆ.

—

ಸೈಟ್ ಮೇಡಂ · 6:02

ಒಂದು ವಿಷಯ ಎಲ್ಲರೂ ಬಿಟ್ರಿ. 72 ಮಾತ್ರ ದೇವರ ವಾಕ್ಯನಾ? ಪ್ಲೇಟ್ ಟೆಸ್ಟ್ ಏಪ್ರಿಲ್‌ನಲ್ಲಿ, ಒಣಗಿ ಬಿರಿದ ಗುಂಡಿಯಲ್ಲಿ. ಶೇ. 11 ಪುಡಿ ಇರೋ ಮಣ್ಣು ಅರೆಒಣಗಿದಾಗ ಒಳಗಿನ ತೇವವೇ ಕಣಗಳನ್ನ ಎಳೆದು ಹಿಡಿದಿರುತ್ತೆ, ಮರಳಿನ ಗೋಪುರ ನಿಂತ ಹಾಗೆ. ಇವನ ಮಾದರಿ ಪೂರ್ತಿ ನೆಂದದ್ದು. ನಾಲೆ ಏರಿಯ ಕತೆಯೇ ಇದು, ಬೇಸಿಗೆಗೂ ನೀರು ಬಿಟ್ಟ ಮೇಲೂ.

ಅದೂ ಅಲ್ದೆ ಪ್ಲೇಟ್ ಟೆಸ್ಟಿನಲ್ಲಿ ಪ್ಲೇಟ್ ಕೆಳಗೆ ತೆಳ್ಳಗೆ ಮರಳು ಹರಡಿ, ಚದರ ಸೆಂ.ಮೀ.ಗೆ 70 ಗ್ರಾಂ ಭಾರ ಹಾಕಿ ತೆಗೆದು, ಆಮೇಲೆ ಗೇಜ್ ಸೊನ್ನೆ ಮಾಡ್ತೀವಿ. ಅಂದ್ರೆ ಅಲ್ಲಿ ಸಂದು ಮುಚ್ಚಿ ಶುರು ಮಾಡ್ತೀವಿ, ಲ್ಯಾಬಿನಲ್ಲಿ ಸಂದಿನ ಸಮೇತ. ಇಬ್ಬರನ್ನೂ ಒಂದೇ ಗೆರೆಯಿಂದ ಓಡಿಸಿಲ್ಲ.

—

ಟಿಪ್ಪರ್ ಅಣ್ಣ ಮಂಡ್ಯ · 6:10

ಮೇಡಮ್ಮೋರು ಏಳಿದ್ದು ನಂಗೂ ಅರ್ಥ ಆಯ್ತು. ಉಳಿದೋರ್ದು ಆಗ್ನಿಲ್ಲ.

—

ಗರಸು ಹುಡುಗ · ಹನ್ನೆರಡು ದಿನದ ಮೇಲೆ, ಭಾನುವಾರ ರಾತ್ರಿ 9:15

ಎಲ್ಲರಿಗೂ ಮತ್ತೆ ನಮಸ್ಕಾರ. ತಡವಾಯ್ತು, ಕ್ಷಮಿಸಿ.

ಮೊದಲು ಟಾರ್ಚ್ ಕತೆ. ದೀಪ ಆರಿಸಿ ನೋಡಿದೆ. ಅರ್ಧ ಸುತ್ತು ಬೆಳಕು ಬಂತು, ಬಾಗಿಲ ಸಂದಿನಿಂದ ಬಂದ ಹಾಗೆ. ಗೈಡನ್ನ ಕರೆದು ತೋರಿಸಿದೆ. ಅವರೂ ಬಗ್ಗಿ ಒಂದು ನಿಮಿಷ ನೋಡಿದ್ರು, ಏನೂ ಮಾತಾಡಲಿಲ್ಲ, ಪ್ಲಾಸ್ಟರಿಗೆ ದುಡ್ಡು ಕೊಟ್ಟು ಹೋದ್ರು.

16 ಮಿ.ಮೀ. ಮೇಲಿನ ಕಲ್ಲು ತೆಗೆದು ಅಷ್ಟೇ ತೂಕದ ಚಿಕ್ಕದು ಹಾಕಿದೆ, 58 ಹಾಗೇ ಉಳಿಸಿದೆ. ಎರಡು ಮೆಂಬ್ರೇನ್, ಮೇಲೆ ಪ್ಲಾಸ್ಟರ್. ಮೂರು ಮಾದರಿ: 39, 44, 41. ಮಲಗಿದ ಬಾಲ ಬಹುಪಾಲು ಹೋಗಿದೆ, ಚೂರು ಉಳಿದಿದೆ. ಎಲ್‌ವಿಡಿಟಿ ನಮ್ಮಲ್ಲಿಲ್ಲ, ಹಾಗಾಗಿ ಆ ಚೂರು ಹಾಗೇ ವರದಿಯಲ್ಲಿ ಬರೆದೆ.

ಆಮೇಲೆ ಮೇಡಂ ಹೇಳಿದ್ದಕ್ಕೆ ಒಂದು ಮಾದರಿಯನ್ನ ನೀರು ತುಂಬಿಸದೆ, ಕುಟ್ಟಿದ ತೇವದಲ್ಲೇ ಎರಡು ದಿನ ಆರಲು ಬಿಟ್ಟು ಒತ್ತಿದೆ. 63! ಗುಂಡಿಯ 72ಕ್ಕೆ ಅಷ್ಟು ಹತ್ತಿರ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ.

ಜರಡಿನೂ ಮಾಡಿದೆ. ಟೆಸ್ಟಿಗೆ ಮುಂಚೆ 58 ಇದ್ದ ಕಲ್ಲು ಆಮೇಲೆ 55. ಒಡೆದ ಚೂರುಗಳ ಒಳಗೆ ಹಳದಿ ಬಣ್ಣ, ಬೆರಳಿಗೆ ಅರಿಶಿನ ಹತ್ತಿದ ಹಾಗೆ ಅಂಟುತ್ತೆ.

ಒಂದು ಮಾತ್ರ ಅರ್ಥ ಆಗಲಿಲ್ಲ. ಸೋಲೋ ಹೊತ್ತಿಗೆ ಮಾದರಿ ಕುಗ್ಗೋ ಬದಲು ಉಬ್ಬೋಕೆ ಶುರುವಾಗುತ್ತೆ, ಬ್ಯೂರೆಟ್ಟಿನ ನೀರು ಒಳಗೆ ಎಳೆದುಕೊಳ್ಳುತ್ತೆ. ಮೇಲಿಂದ ಒತ್ತಿದ್ರೆ ಗಾತ್ರ ಹೆಚ್ಚಾಗೋದು ಹೇಗೆ?

—

ಅರ್ಧಸತ್ಯ · 9:40

ಅದು ಡೈಲೇಟನ್ಸಿ, ಓಸ್ಬರ್ನ್ ರೆನಾಲ್ಡ್ಸ್ 1885ರಲ್ಲೇ ಹೇಳಿದ್ದು. ಒತ್ತೊತ್ತಾಗಿ ಕೂತ ಕಣಗಳು ಒಂದರ ಪಕ್ಕ ಒಂದು ಜಾರಬೇಕಾದ್ರೆ

—

ಕಬ್ಬಿನ ಗಾಡಿ · 9:43

ನಾನ್ ಏಳ್ತೀನಿ ಬುಡಿ. ಸೇರಿಗೆ ರಾಗಿ ತುಂಬಿ ಚೆನ್ನಾಗಿ ತಟ್ಟಿ ತಟ್ಟಿ ಬಾಯಿ ಮಟ್ಟ ಮಾಡು. ಈಗ ಅದರೊಳಗೆ ಕೈ ಹಾಕಿ ತಿರುವು. ಕೈ ತೆಗೆದ್ ಮ್ಯಾಲೂ ರಾಗಿ ಬಾಯಿಗಿಂತ ಮ್ಯಾಲೆ ನಿಂತಿರ್ತದೆ. ಒತ್ತಾಗಿ ಕೂತಿದ್ದು ಒಂದರ ಮ್ಯಾಲೊಂದು ಹತ್ತಿ ದಾಟ್ಬೇಕಾದ್ರೆ ಜಾಗ ಬೇಕಲ್ಲ. ಸಂತೇಲಿ ಅಳೆಯೋನು ತಟ್ಟಿ ಇಸ್ಕೊಂಡು ತಿರುವಿ ಕೊಡೋದು ಅದ್ಕೇಯ.

—

ಅರ್ಧಸತ್ಯ · 9:45

ನನ್ನ ವಾಕ್ಯ ಪೂರ್ತಿ ಮಾಡೋ ಅಗತ್ಯ ಇಲ್ಲ ಅನ್ಸುತ್ತೆ.

—

ಟಿಪ್ಪರ್ ಅಣ್ಣ ಮಂಡ್ಯ · 9:52

ಮೇಡಮ್ಮೋರೆ, ಗ್ರಾಪು ಕೇಳ್ದೆ. 17 ಕೊಟ್ಟೋರು ಕೊಟ್ರು. ಗೆರೆ ನೀವೇಳ್ದಂಗೆ ಮಲ್ಗಿತ್ತು. ಸೊನ್ನೆ ಜರುಗ್ಸಿ ಎಣಿಸಿದ್ರೆ 26 ಆಯ್ತು. 34 ಕೊಟ್ಟೋರು ನೆನೆಸೇ ಇರ್ನಿಲ್ಲ. ಎತ್ಲಾಗ್ ನೋಡಿದ್ರೂ 30 ಆಗ್ನಿಲ್ಲ. ಡೀಸೆಲ್ ದುಡ್ಡು ಹೋಯ್ತು ಬುಡಿ.

—

ನಿವೃತ್ತ ಲ್ಯಾಬಿಗ · 10:20

ಮಗು, ಸಂತೋಷ ಆಯ್ತು. ಕ್ಯಾಪಿಗೆ ಅಂಟಿರೋ ಪ್ಲಾಸ್ಟರ್ ಕೆರೆದಿಟ್ಟೆಯೋ ಇಲ್ಲವೋ? ಒಣಗಿದ್ರೆ ಉಳಿ ಹಿಡಿದು ಕೂರಬೇಕಾಗುತ್ತೆ, ಅದು ಅಲ್ಲಿರೋ ಅಟೆಂಡರ್ ತಲೆಗೆ ಬರುತ್ತೆ.

—

ಗರಸು ಹುಡುಗ · 10:22

ನಾಳೆ ಬೆಳಿಗ್ಗೆ ಮೊದಲು ಅದೇ ಕೆಲಸ ಸರ್.